ಸೌಂಡ್ ಕಾರ್ಡಿನ ಘರ್ಷಣೆ: ತಪ್ಪು ಕಾರ್ಡಿನದೋ, ಬಸ್ಸಿನದೋ?

ಹಳೆಯ ಪಿ.ಸಿ.ಯೊಂದಕ್ಕೆ ಸೌಂಡ್ ಕಾರ್ಡ್ ಸಿಕ್ಕಿಸಿದ್ದೀರಿ ಎಂದುಕೊಳ್ಳಿ. ಗಣಕ ಚಾಲೂ ಆಗುತ್ತದೆ, ಆದರೆ ಧ್ವನಿ ಇಲ್ಲ. ಅಥವಾ ಧ್ವನಿಯ ಒಂದು ತುಣುಕು ಬಂದು, ಅದೇ ತುಣುಕು ಮತ್ತೆ ಮತ್ತೆ ಮೊಳಗುತ್ತದೆ. ಅಥವಾ ನಿನ್ನೆಯವರೆಗೆ ಸರಿಯಿದ್ದ ಮೋಡೆಮ್ ಇಂದು ಮೂಕವಾಗುತ್ತದೆ. ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಸಿಗುವ ತೀರ್ಪು ಒಂದೇ: "ಕಾರ್ಡ್ ಕೆಟ್ಟಿದೆ, ಬೇರೆ ಹಾಕಿ." ಬಹಳಷ್ಟು ಸಲ ಈ ತೀರ್ಪು ತಪ್ಪು. ಕಾರ್ಡ್ ಸರಿಯಾಗಿದೆ, ಗಣಕವೂ ಸರಿಯಾಗಿದೆ. ಎರಡು ಸಾಧನಗಳು ಒಂದೇ ಸಂಪನ್ಮೂಲಕ್ಕೆ ಕೈ ಚಾಚಿವೆ, ಅಷ್ಟೆ. ಇದನ್ನೇ ಯಂತ್ರಾಂಶ ಘರ್ಷಣೆ ಎನ್ನುತ್ತೇವೆ.

ಈ ತೊಂದರೆಗೆ ಕೈಪಿಡಿಗಳು ಕೊಡುತ್ತಿದ್ದ ಪರಿಹಾರವೂ ಒಂದೇ ಸಾಲಿನದು: "ಬೇರೆ ಐಆರ್‌ಕ್ಯೂ ಪ್ರಯತ್ನಿಸಿ." ಈ ಸಲಹೆಯಿಂದ ಕೆಲಸ ಆಗಲೂಬಹುದು. ಆದರೆ ಏಕೆ ಆಯಿತು ಎಂಬುದು ತಿಳಿಯುವುದಿಲ್ಲ. ಘರ್ಷಣೆಯ ಮೂಲ ಎಲ್ಲಿದೆ, ಅದನ್ನು ಪರಿಹರಿಸುವ ಕ್ರಮ ಯಾವುದು, ಕೈಪಿಡಿಗಳೂ ನಮ್ಮ ಪಾಠಗಳೂ ಈ ವಿಷಯವನ್ನು ಎಷ್ಟು ನ್ಯಾಯವಾಗಿ ನಿರೂಪಿಸಿವೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಕಾರ್ಡ್ ಕೇಳುವ ಮೂರು ವಸ್ತುಗಳು

ಐಎಸ್‌ಎ ಬಸ್ಸಿಗೆ ಸೇರಿಸುವ ಸೌಂಡ್ ಕಾರ್ಡಿಗೆ ಮೂರು ಬಗೆಯ ಸಂಪನ್ಮೂಲ ಬೇಕು. ಮೊದಲನೆಯದು ವಿಳಾಸ, ಅಂದರೆ ಸಂಸ್ಕಾರಕವು ಕಾರ್ಡಿನೊಡನೆ ಮಾತನಾಡುವ ಪೋರ್ಟ್ ಸಂಖ್ಯೆ. ಎರಡನೆಯದು ಇಂಟರಪ್ಟ್ ತಂತಿ, ಅಂದರೆ ಐಆರ್‌ಕ್ಯೂ. ಸಂಸ್ಕಾರಕ ಬೇರೆ ಕೆಲಸದಲ್ಲಿ ಮುಳುಗಿರುವಾಗ "ಇತ್ತ ನೋಡು" ಎಂದು ಕಾರ್ಡ್ ಕರೆಯುವುದು ಇದರ ಮೂಲಕ. ಮೂರನೆಯದು ಡಿಎಂಎ ಚಾನೆಲ್. ಸಂಸ್ಕಾರಕಕ್ಕೆ ತೊಂದರೆ ಕೊಡದೆ ಸ್ಮೃತಿಯಿಂದ ಕಾರ್ಡಿಗೆ ದತ್ತಾಂಶವನ್ನು ಸಾಗಿಸುವ ದಾರಿ ಇದು.

ಕೀಲಿಮಣೆಗೆ ಡಿಎಂಎ ಬೇಡ, ಸೌಂಡ್ ಕಾರ್ಡಿಗೇಕೆ ಬೇಕು? ಒಂದು ಸರಳ ಲೆಕ್ಕ ನೋಡಿ. ಸಿ.ಡಿ. ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 44,100 ಮಾದರಿಗಳು, ಪ್ರತಿ ಮಾದರಿಗೆ 2 ಬೈಟ್, ಎಡ–ಬಲ ಸೇರಿ 2 ವಾಹಿನಿಗಳು. ಒಟ್ಟು ಸೆಕೆಂಡಿಗೆ 1,76,400 ಬೈಟ್. ಇಷ್ಟನ್ನೂ ಒಂದೊಂದಾಗಿ ಎತ್ತಿಕೊಡಲು ಸಂಸ್ಕಾರಕವನ್ನೇ ನಿಲ್ಲಿಸಿದರೆ ಉಳಿದ ಕೆಲಸ ಸೊರಗುತ್ತದೆ. ಆದ್ದರಿಂದ ಸ್ಮೃತಿಯಲ್ಲಿ ಒಂದು ಬಫರ್ ತುಂಬಿಸಿಟ್ಟು, ಸಾಗಣೆಯನ್ನು ಡಿಎಂಎಗೆ ವಹಿಸುತ್ತಾರೆ. ಅರ್ಧ ಬಫರ್ ಖಾಲಿಯಾದಾಗ ಕಾರ್ಡ್ ಇಂಟರಪ್ಟ್ ಎಬ್ಬಿಸುತ್ತದೆ, ತಂತ್ರಾಂಶ ಬಂದು ಆ ಅರ್ಧವನ್ನು ಮತ್ತೆ ತುಂಬುತ್ತದೆ. ಅರ್ಧ ಬಫರ್ 4,096 ಬೈಟ್ ಎಂದಿಟ್ಟುಕೊಂಡರೆ ಸುಮಾರು 23 ಮಿಲಿಸೆಕೆಂಡಿಗೊಂದು ಕರೆ. ಈ ಮೂರರಲ್ಲಿ ಯಾವುದು ತಪ್ಪಿದರೂ ಧ್ವನಿ ಕೆಡುತ್ತದೆ. ಆದರೆ ಒಂದೊಂದು ತಪ್ಪಿದಾಗ ಒಂದೊಂದು ರೀತಿ ಕೆಡುತ್ತದೆ. ಈ ವ್ಯತ್ಯಾಸವೇ ನಮ್ಮ ಪರೀಕ್ಷೆಗೆ ಆಧಾರ.

ಕೊರತೆ ಎಲ್ಲಿಂದ ಬಂತು?

1981ರ ಐಬಿಎಂ ಪಿ.ಸಿ.ಯಲ್ಲಿ ಒಂದೇ 8259 ಇಂಟರಪ್ಟ್ ನಿಯಂತ್ರಕವಿತ್ತು. ಅದರ 8 ತಂತಿಗಳ ಪೈಕಿ 0 ಕಾಲಮಾಪಕಕ್ಕೆ, 1 ಕೀಲಿಮಣೆಗೆ ಹೋದವು. ಉಳಿದ 2ರಿಂದ 7 ಮಾತ್ರ ವಿಸ್ತರಣಾ ಸ್ಲಾಟುಗಳಿಗೆ ಬಂದವು. ಅದರಲ್ಲೂ 4 ಮತ್ತು 3 ಎರಡು ಸೀರಿಯಲ್ ಪೋರ್ಟುಗಳಿಗೆ, 6 ಫ್ಲಾಪಿಗೆ, 7 ಮುದ್ರಕಕ್ಕೆ ಎಂಬ ರೂಢಿ ಬೆಳೆಯಿತು. 1984ರ ಪಿ.ಸಿ./ಎಟಿಯಲ್ಲಿ ಎರಡನೆಯ 8259 ಸೇರಿ ತಂತಿಗಳ ಸಂಖ್ಯೆ ಹೆಚ್ಚಿತು. ಎರಡನೆಯ ನಿಯಂತ್ರಕವನ್ನು ಮೊದಲನೆಯದರ 2ನೇ ತಂತಿಗೆ ಜೋಡಿಸಿದ್ದರಿಂದ, ಸ್ಲಾಟಿನಲ್ಲಿ 2 ಇದ್ದ ಜಾಗಕ್ಕೆ 9 ಬಂತು. 10, 11, 12, 14, 15ನೇ ತಂತಿಗಳು ಸ್ಲಾಟಿನ ಹೊಸ 16 ಬಿಟ್ ತುದಿಯಲ್ಲಿವೆ.

ಇಲ್ಲಿ ಒಂದು ಮುಖ್ಯ ಅಂಶ ಗಮನಿಸಿ. 8 ಬಿಟ್ ಕಾರ್ಡಿಗೆ ಆ ಹೊಸ ತುದಿಯ ಸಂಪರ್ಕವೇ ಇಲ್ಲ. ಗಣಕದಲ್ಲಿ 10 ಮತ್ತು 11 ಖಾಲಿ ಬಿದ್ದಿದ್ದರೂ ಅದು ಅವನ್ನು ಮುಟ್ಟಲಾರದು. ಅದಕ್ಕೆ ಉಳಿಯುವುದು 5, 9 ಮತ್ತು ಮುದ್ರಕ ಬಿಟ್ಟುಕೊಟ್ಟರೆ 7. ಡಿಎಂಎ ಸ್ಥಿತಿಯೂ ಇದೇ: 8 ಬಿಟ್ ಸ್ಲಾಟಿನಲ್ಲಿ 1, 2, 3 ಮಾತ್ರ, ಅದರಲ್ಲಿ 2 ಫ್ಲಾಪಿಯದು. "ಬೇರೆ ಐಆರ್‌ಕ್ಯೂ ಪ್ರಯತ್ನಿಸಿ" ಎನ್ನುವ ಕೈಪಿಡಿ ಈ ಭೌತಿಕ ಮಿತಿಯನ್ನು ಹೇಳದಿದ್ದರೆ, ಬಳಕೆದಾರ ಇಲ್ಲದ ಬಾಗಿಲನ್ನು ತಟ್ಟುತ್ತಲೇ ಇರುತ್ತಾನೆ.

ವಿಳಾಸದ ಕಥೆ ಇನ್ನೂ ವಿಚಿತ್ರ. ಸಂಸ್ಕಾರಕಕ್ಕೆ 65,536 ಪೋರ್ಟ್ ವಿಳಾಸಗಳು ಸಾಧ್ಯ. ಆದರೆ ವೆಚ್ಚ ಉಳಿಸಲು ಮೊದಲಿನ ಕಾರ್ಡುಗಳು ವಿಳಾಸದ 10 ಬಿಟ್‌ಗಳನ್ನು ಮಾತ್ರ ಓದುತ್ತಿದ್ದವು. ಹಾಗಾಗಿ ಉಪಯೋಗಕ್ಕೆ ಬಂದದ್ದು 1,024. ಅದರಲ್ಲಿ ಮೊದಲ 256 ಮದರ್‌ಬೋರ್ಡಿನವು, ಉಳಿದ 768 ಎಲ್ಲ ಸ್ಲಾಟುಗಳಿಗೂ ಸೇರಿ. ಮೇಲಿನ 6 ಬಿಟ್‌ಗಳನ್ನು ನೋಡದ ಕಾರ್ಡು ಷೋಡಶಮಾನದ 220ಕ್ಕೂ ಓಗೊಡುತ್ತದೆ, 620ಕ್ಕೂ ಓಗೊಡುತ್ತದೆ. ದೂರದ ವಿಳಾಸವೆಂದು ನೆಮ್ಮದಿಯಾಗಿರುವಂತಿಲ್ಲ.

ಹಂಚಿಕೊಳ್ಳಲಾಗದ ತಂತಿ

ಎರಡು ಕಾರ್ಡುಗಳು ಒಂದೇ ಐಆರ್‌ಕ್ಯೂ ಬಳಸಿದರೆ ಏನು ತೊಂದರೆ? "ಬಳಸಬಾರದು" ಎಂದಷ್ಟೇ ಹೇಳಿ ನಮ್ಮ ಪಾಠಗಳು ಮುಂದೆ ಹೋಗುತ್ತವೆ. ಕಾರಣ ಭೌತವಿಜ್ಞಾನದಲ್ಲಿದೆ.

ಐಎಸ್‌ಎ ಬಸ್ಸಿನಲ್ಲಿ ಇಂಟರಪ್ಟ್ ಕೇಳಲು ಕಾರ್ಡು ತಂತಿಯ ವಿಭವವನ್ನು ಕೆಳಗಿನಿಂದ ಮೇಲಕ್ಕೆ ಎತ್ತಬೇಕು. ಕೇಳದಿರುವಾಗ ಅದು ತಂತಿಯನ್ನು ಕೆಳಮಟ್ಟದಲ್ಲಿ ಹಿಡಿದಿರುತ್ತದೆ. ಈಗ ಮೊದಲ ಕಾರ್ಡು ಎತ್ತಲು ಹೊರಟಾಗ ಎರಡನೆಯದು ಕೆಳಗೆಳೆಯುತ್ತಿದ್ದರೆ, ಎರಡು ನಿರ್ಗಮಗಳು ಒಂದೇ ತಂತಿಯಲ್ಲಿ ಜಗ್ಗಾಡುತ್ತವೆ. ಟಿಟಿಎಲ್ ಮಂಡಲಗಳಲ್ಲಿ 0.8 ವೋಲ್ಟಿಗಿಂತ ಕಡಿಮೆಯಿದ್ದರೆ 0, 2 ವೋಲ್ಟಿಗಿಂತ ಹೆಚ್ಚಿದ್ದರೆ 1, ನಡುವೆ ಇದ್ದರೆ ಖಾತರಿ ಇಲ್ಲ. ಸಾಮಾನ್ಯವಾಗಿ ಕೆಳಗೆಳೆಯುವ ಕಾರ್ಡೇ ಗೆಲ್ಲುತ್ತದೆ, ಕರೆ ನಿಯಂತ್ರಕವನ್ನು ತಲುಪುವುದಿಲ್ಲ.

ವಿದ್ಯುತ್ತಿನ ಈ ಜಗ್ಗಾಟವನ್ನು ಡಯೋಡ್ ಇತ್ಯಾದಿಗಳಿಂದ ತಪ್ಪಿಸಿದರೂ ಎರಡನೆಯ ಅಡ್ಡಿ ಉಳಿಯುತ್ತದೆ. ಇಲ್ಲಿ ನಿಯಂತ್ರಕ ಗಮನಿಸುವುದು ವಿಭವದ ಮಟ್ಟವನ್ನಲ್ಲ, ಏರುವ ಅಂಚನ್ನು. ಮೊದಲ ಕಾರ್ಡು ತಂತಿಯನ್ನು ಮೇಲೆ ಹಿಡಿದಿರುವಾಗಲೇ ಎರಡನೆಯದು ಕರೆದರೆ, ಹೊಸ ಅಂಚು ಹುಟ್ಟುವುದೇ ಇಲ್ಲ. ಬಾಗಿಲ ಗಂಟೆಯ ಗುಂಡಿಯನ್ನು ಒಬ್ಬರು ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಬಂದು ಒತ್ತಿದರೆ ಒಳಗಿನವರಿಗೆ ಎರಡನೆಯವರು ಬಂದದ್ದು ತಿಳಿಯದು. ಹಾಗೆಯೇ ಇದು. ಮೊದಲ ಮತ್ತು ಮೂರನೆಯ ಸೀರಿಯಲ್ ಪೋರ್ಟುಗಳು 4ನೇ ತಂತಿಯನ್ನು ಹಂಚಿಕೊಂಡದ್ದುಂಟು. ಅದು ನಡೆದದ್ದು ಎರಡನ್ನೂ ಏಕಕಾಲದಲ್ಲಿ ಬಳಸದಿರುವವರೆಗೆ ಮಾತ್ರ.

7ನೇ ತಂತಿಗೆ ಒಂದು ವಿಶೇಷ ಗುಣವಿದೆ. ಕರೆ ಬಂದು, ಸಂಸ್ಕಾರಕ ಅದನ್ನು ಸ್ವೀಕರಿಸುವ ಮೊದಲೇ ಮಾಯವಾದರೆ, 8259 ಅದನ್ನು 7ನೇ ತಂತಿಯ ಕರೆಯೆಂದೇ ವರದಿ ಮಾಡುತ್ತದೆ. ತಂತಿಯಲ್ಲಿ ಹುಟ್ಟುವ ಕ್ಷಣಿಕ ಗೊಜಲು ಕೂಡ ಇದಕ್ಕೆ ಸಾಕು. ಆದ್ದರಿಂದ 7ನ್ನು ಬಳಸುವ ತಂತ್ರಾಂಶ, ಕರೆ ನಿಜವೇ ಎಂದು ಪರಿಶೀಲಿಸಬೇಕು. 1989ರ ಮೊದಲ ಸೌಂಡ್ ಬ್ಲಾಸ್ಟರ್ ಕಾರ್ಡಿನ ಪೂರ್ವನಿಗದಿತ ಐಆರ್‌ಕ್ಯೂ 7, 1992ರ ಸೌಂಡ್ ಬ್ಲಾಸ್ಟರ್ 16ರದು 5.

ಲಕ್ಷಣದಿಂದ ಕಾರಣಕ್ಕೆ

ಸೌಂಡ್ ಬ್ಲಾಸ್ಟರ್ 16ರಲ್ಲಿ ಆಯ್ಕೆಗಳು ಹೀಗಿವೆ: ವಿಳಾಸ 220, 240, 260, 280, ಐಆರ್‌ಕ್ಯೂ 2 (ಎಟಿಯಲ್ಲಿ 9), 5, 7, 10, 8 ಬಿಟ್ ಡಿಎಂಎ 0, 1, 3, 16 ಬಿಟ್ ಡಿಎಂಎ 5, 6, 7. ಕಣ್ಣು ಮುಚ್ಚಿ ಪ್ರಯತ್ನಿಸಿದರೆ 4 × 4 × 3 × 3, ಅಂದರೆ 144 ಜೋಡಣೆಗಳು. ಪ್ರತಿ ಸಲವೂ ಗಣಕವನ್ನು ಮತ್ತೆ ಚಾಲೂ ಮಾಡಬೇಕು. ಆದರೆ ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಲು ಸಾಧ್ಯವಾದರೆ 4 + 4 + 3 + 3, ಅಂದರೆ ಹೆಚ್ಚೆಂದರೆ 14 ಪ್ರಯತ್ನಗಳು. ಪ್ರಯೋಗಶಾಲೆಯಲ್ಲಿ ಒಂದು ಚರವನ್ನು ಬದಲಿಸಿ ಉಳಿದವನ್ನು ಸ್ಥಿರವಾಗಿಡಿ ಎಂದು ನಾವು ಹೇಳಿಕೊಡುವ ಪಾಠ ಇದೇ ಅಲ್ಲವೇ?

ಹಾಗೆ ಪ್ರತ್ಯೇಕಿಸುವುದು ಸಾಧ್ಯ. ಮೊದಲು ವಿಳಾಸ. ಮೂಲ ವಿಳಾಸಕ್ಕೆ 6 ಕೂಡಿಸಿದ ಪೋರ್ಟಿಗೆ 1 ಬರೆದು, ಕನಿಷ್ಠ 3 ಮೈಕ್ರೊಸೆಕೆಂಡ್ ಕಾದು, 0 ಬರೆಯಬೇಕು. ಕಾರ್ಡು ಅಲ್ಲಿದ್ದರೆ, ಮೂಲ ವಿಳಾಸಕ್ಕೆ 10 ಕೂಡಿಸಿದ ಪೋರ್ಟಿನಲ್ಲಿ 170 ಎಂಬ ಸಂಖ್ಯೆ ಸಿಗುತ್ತದೆ. ದ್ವಿಮಾನದಲ್ಲಿ ಅದು 10101010. ಬೇರೆ ಸಂಖ್ಯೆ ಬಂದರೆ ಆ ವಿಳಾಸದಲ್ಲಿ ಕಾರ್ಡಿಲ್ಲ, ಅಥವಾ ಎರಡು ಕಾರ್ಡುಗಳು ಒಟ್ಟಿಗೆ ಉತ್ತರಿಸಿ ಬಿಟ್‌ಗಳು ಕಲಸಿಹೋಗಿವೆ ಎಂದರ್ಥ. ಧ್ವನಿಗೆ ಮಾತ್ರವಲ್ಲ, ಇತರ ಭಾಗಗಳಿಗೂ ವಿಳಾಸವಿದೆ ಎಂಬುದನ್ನು ಮರೆಯಬಾರದು. ಕಾರ್ಡಿನ ಮಿಡಿ ಪೋರ್ಟಿನ 330, ಆಗಿನ ಜನಪ್ರಿಯ ಅಡಾಪ್ಟೆಕ್ 1542 ಸ್ಕಸಿ ಕಾರ್ಡಿನ ಪೂರ್ವನಿಗದಿತ ವಿಳಾಸವೂ ಹೌದು. ಜಾಯ್‌ಸ್ಟಿಕ್ಕಿನ 201, ಮಲ್ಟಿ ಐ/ಓ ಕಾರ್ಡಿನಲ್ಲೂ ಇರುತ್ತಿತ್ತು. ಇಂಥಲ್ಲಿ ಎರಡರಲ್ಲೊಂದನ್ನು ಜಂಪರ್ ತೆಗೆದು ನಿಷ್ಕ್ರಿಯಗೊಳಿಸುವುದೇ ದಾರಿ.

ಅನಂತರ ಐಆರ್‌ಕ್ಯೂ. ಇಂಟರಪ್ಟ್ ಎಬ್ಬಿಸು ಎಂಬ ಆಜ್ಞೆಯೇ ಈ ಕಾರ್ಡುಗಳಲ್ಲಿದೆ. ಆಜ್ಞೆ ಕೊಟ್ಟು ಯಾವ ತಂತಿಯಲ್ಲಿ ಕರೆ ಬಂತೆಂದು ನೋಡಬಹುದು. ಕಿವಿಯೂ ಒಂದು ಉಪಕರಣವೇ. ವಿಳಾಸ, ಡಿಎಂಎ ಎರಡೂ ಸರಿಯಿದ್ದು ಐಆರ್‌ಕ್ಯೂ ಮಾತ್ರ ತಪ್ಪಿದ್ದರೆ, ಡಿಎಂಎ ತನ್ನ ಪಾಡಿಗೆ ಅದೇ ಬಫರನ್ನು ಸುತ್ತಿಸುತ್ತಲೇ ಇರುತ್ತದೆ. ತುಂಬಲು ಯಾರೂ ಬರುವುದಿಲ್ಲ. ಗೀರು ಬಿದ್ದ ಗ್ರಾಮಫೋನ್ ತಟ್ಟೆಯಂತೆ ಒಂದೇ ತುಣುಕು ಮೊಳಗುತ್ತದೆ. 8 ಬಿಟ್ ಏಕವಾಹಿನಿ ಧ್ವನಿ ಸೆಕೆಂಡಿಗೆ 11,025 ಮಾದರಿಗಳಲ್ಲಿ ನುಡಿಯುತ್ತಿದ್ದು, ಬಫರ್ 8,192 ಬೈಟ್ ಇದ್ದರೆ, ತುಣುಕಿನ ಉದ್ದ 0.74 ಸೆಕೆಂಡ್. ಕೈಗಡಿಯಾರ ಹಿಡಿದು ಹತ್ತು ಪುನರಾವೃತ್ತಿಗಳ ಕಾಲವನ್ನು ಅಳೆದರೆ ಬಫರಿನ ಗಾತ್ರವನ್ನೇ ಲೆಕ್ಕ ಹಾಕಬಹುದು. ಇನ್ನು ಕೆಲವು ತಂತ್ರಾಂಶಗಳಲ್ಲಿ ತುಣುಕು ಒಮ್ಮೆ ಮಾತ್ರ ನುಡಿದು ನಿಲ್ಲುತ್ತದೆ. ಕಾರಣ ಅದೇ.

ಕೊನೆಗೆ ಡಿಎಂಎ. ಕಾರ್ಡು 1ರಲ್ಲಿ ಕೇಳುತ್ತಿದ್ದು ತಂತ್ರಾಂಶ 3ನ್ನು ಸಿದ್ಧಪಡಿಸಿದ್ದರೆ ಬೈಟ್‌ಗಳು ಸಾಗುವುದೇ ಇಲ್ಲ. ಸಂಪೂರ್ಣ ಮೌನ ಅಥವಾ ಗಣಕದ ಸ್ತಂಭನ. 8 ಬಿಟ್ ಧ್ವನಿ ಬಂದು 16 ಬಿಟ್ ಧ್ವನಿ ಬರದಿದ್ದರೆ ಮೇಲಿನ ಚಾನೆಲನ್ನು ಅನುಮಾನಿಸಿ. ಮುದ್ರಕ ಪೋರ್ಟನ್ನು ಇಸಿಪಿ ಕ್ರಮದಲ್ಲಿಟ್ಟರೆ ಅದಕ್ಕೂ ಒಂದು ಡಿಎಂಎ ಬೇಕು. ಅದು ಸಾಮಾನ್ಯವಾಗಿ 3, ಕೆಲವೊಮ್ಮೆ 1. ಡಿಎಂಎ ಘರ್ಷಣೆಯನ್ನು ಹಗುರವಾಗಿ ಕಾಣಬೇಡಿ. ಒಂದು ಸಾಧನದ ಬೈಟ್‌ಗಳು ಇನ್ನೊಂದರ ದಾರಿಗೆ ಬಿದ್ದಾಗ ಕೆಡುವುದು ಧ್ವನಿ ಮಾತ್ರವಲ್ಲ, ಡಿಸ್ಕಿಗೋ ಟೇಪಿಗೋ ಹೋಗುವ ದತ್ತಾಂಶವೂ ಕೆಡಬಹುದು.

ಇಷ್ಟು ತಿಳಿದ ಮೇಲೆ ಜೋಡಣೆಗೆ ಮೊದಲು ಮಾಡಬೇಕಾದ ಕೆಲಸ ಸ್ಪಷ್ಟ. ಗಣಕದಲ್ಲಿರುವ ಪ್ರತಿ ಸಾಧನದ ವಿಳಾಸ, ಐಆರ್‌ಕ್ಯೂ, ಡಿಎಂಎಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಡಾಸ್‌ನ ಎಂಎಸ್‌ಡಿ ಅಥವಾ ವಿಂಡೋಸ್ 95ರ ಡಿವೈಸ್ ಮ್ಯಾನೇಜರ್ ಇದಕ್ಕೆ ನೆರವಾಗುತ್ತದೆ. ಆದರೆ ಎಂಎಸ್‌ಡಿ ತೋರಿಸುವುದು ಬಹುಮಟ್ಟಿಗೆ ಊಹೆ. ಜಂಪರುಗಳನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಸ್ಥಾನ ಬದಲಿಸಲಾಗದ ಸಾಧನಗಳಿಗೆ ಮೊದಲು ಜಾಗ ಕೊಡಿ, ಹೆಚ್ಚು ಆಯ್ಕೆಯುಳ್ಳವನ್ನು ಕೊನೆಗೆ ಕೂರಿಸಿ. ಆಮೇಲೆ ಆಟೋಎಕ್ಸೆಕ್ ಕಡತದಲ್ಲಿನ ಬ್ಲಾಸ್ಟರ್ ಸಾಲು ಜಂಪರುಗಳಿಗೆ ಹೊಂದುತ್ತದೆಯೇ ನೋಡಿ. "ಎ220 ಐ5 ಡಿ1 ಎಚ್5" ಎಂಬ ಆ ಸಾಲು ಕಾರ್ಡನ್ನು ಬದಲಿಸುವುದಿಲ್ಲ, ಕಾರ್ಡು ಎಲ್ಲಿದೆ ಎಂದು ತಂತ್ರಾಂಶಗಳಿಗೆ ಹೇಳುತ್ತದೆ. ಜಂಪರಿರುವ ಕಾರ್ಡುಗಳಲ್ಲಿ ಈ ಎರಡರ ನಡುವಿನ ಗೊಂದಲವೇ ಎಷ್ಟೋ "ಘರ್ಷಣೆ"ಗಳ ಮೂಲ.

ಒಂದು ಎಚ್ಚರಿಕೆ. ಹಳೆಯ ಎಟಿ ಮಾದರಿಯ ಗಣಕಗಳಲ್ಲಿ ಮುಂಭಾಗದ ಸ್ವಿಚ್ಚಿಗೆ 230 ವೋಲ್ಟ್ ನೇರವಾಗಿ ಬರುತ್ತದೆ. ವಿದ್ಯಾರ್ಥಿಗಳು ಪೆಟ್ಟಿಗೆ ತೆರೆಯುವ ಮುನ್ನ ಗೋಡೆಯಿಂದ ಪ್ಲಗ್ ಕಿತ್ತಿಡುವುದು ಕಡ್ಡಾಯವಾಗಿರಲಿ.

ಪ್ಲಗ್ ಅಂಡ್ ಪ್ಲೇ ಎಂಬ ವಾಗ್ದಾನ

ಜಂಪರುಗಳ ಕಾಟ ತಪ್ಪಿಸಲು ಇಂಟೆಲ್ ಮತ್ತು ಮೈಕ್ರೋಸಾಫ್ಟ್ 1993ರಲ್ಲಿ ಐಎಸ್‌ಎ ಪ್ಲಗ್ ಅಂಡ್ ಪ್ಲೇ ವಿವರಣೆಯನ್ನು ಪ್ರಕಟಿಸಿದವು. ಇದರಲ್ಲಿನ ಒಂದು ಉಪಾಯ ನಿಜಕ್ಕೂ ಮೆಚ್ಚುವಂಥದು. ಎಲ್ಲ ಸ್ಲಾಟುಗಳೂ ಸಮಾಂತರವಾಗಿರುವಾಗ, ಒಂದೇ ವಿಳಾಸಕ್ಕೆ ಎಲ್ಲ ಕಾರ್ಡುಗಳೂ ಓಗೊಟ್ಟರೆ ಅವನ್ನು ಬೇರ್ಪಡಿಸುವುದು ಹೇಗೆ? ಪ್ರತಿ ಕಾರ್ಡಿಗೂ 72 ಬಿಟ್‌ಗಳ ಗುರುತು: 32 ತಯಾರಕರಿಗೆ ಮತ್ತು ಮಾದರಿಗೆ, 32 ಕ್ರಮಸಂಖ್ಯೆಗೆ, 8 ಪರಿಶೀಲನೆಗೆ. ಗಣಕ ಒಂದೊಂದೇ ಬಿಟ್ ಕೇಳುತ್ತದೆ. ಆ ಸ್ಥಾನದಲ್ಲಿ 1 ಇರುವ ಕಾರ್ಡುಗಳು ಬಸ್ಸಿನ ಮೇಲೆ 01010101, ಅನಂತರ 10101010 ಬರೆಯುತ್ತವೆ. 0 ಇರುವವು ಸುಮ್ಮನೆ ಆಲಿಸುತ್ತವೆ. ಬೇರೆಯವರ ದನಿ ಕೇಳಿಸಿದರೆ ಆ ಸುತ್ತಿನಿಂದ ಹಿಂದೆ ಸರಿಯುತ್ತವೆ. 72 ಬಿಟ್ ಮುಗಿಯುವಾಗ ಒಂದೇ ಕಾರ್ಡು ಉಳಿದಿರುತ್ತದೆ. ಅದಕ್ಕೊಂದು ಸಂಖ್ಯೆ ಕೊಟ್ಟು ಕೂರಿಸಿ, ಉಳಿದವಕ್ಕೆ ಮತ್ತೆ ಅದೇ ಆಟ. ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಚೀಟಿಯಲ್ಲಿ 4 ಬಿಟ್ ಸಂಖ್ಯೆ ಕೊಟ್ಟು ಈ ಆಟವನ್ನು ಹತ್ತು ನಿಮಿಷದಲ್ಲಿ ಆಡಿಸಬಹುದು.

ಆದರೆ ಈ ವ್ಯವಸ್ಥೆ ನಿಂತಿರುವುದು, ಎಲ್ಲ ಕಾರ್ಡುಗಳೂ ಈ ಭಾಷೆ ಬಲ್ಲವು ಎಂಬ ನಂಬಿಕೆಯ ಮೇಲೆ. ಜಂಪರ್ ಕಾಲದ ಕಾರ್ಡಿಗೆ ಈ ಭಾಷೆ ಗೊತ್ತಿಲ್ಲ. ಅದು ತಾನಿದ್ದೇನೆ ಎಂದು ಹೇಳುವುದೇ ಇಲ್ಲ. ಅದರ ಐಆರ್‌ಕ್ಯೂ 5 ಖಾಲಿಯಿದೆಯೆಂದು ತಿಳಿದು ಬಯೋಸ್ ಅದನ್ನು ಹೊಸ ಕಾರ್ಡಿಗೆ ಕೊಟ್ಟುಬಿಡುತ್ತದೆ. ಹಳತು–ಹೊಸತು ಬೆರೆತ ಗಣಕಗಳಲ್ಲಿ ಕಂಡ ತೊಂದರೆಗಳಲ್ಲಿ ಇದು ಮುಖ್ಯವಾದುದು. ಪರಿಹಾರ ಬಯೋಸ್‌ನಲ್ಲೇ ಇದೆ: 5ನೇ ತಂತಿಯನ್ನು "ಲೆಗಸಿ ಐಎಸ್‌ಎ"ಗೆ ಕಾಯ್ದಿರಿಸಬೇಕು. ಡಾಸ್ ಬಳಸುವುದಾದರೆ "ಪಿಎನ್‌ಪಿ ಓಎಸ್" ಆಯ್ಕೆಗೆ "ಇಲ್ಲ" ಎನ್ನಬೇಕು, ಇಲ್ಲದಿದ್ದರೆ ಕಾರ್ಡನ್ನು ಸಜ್ಜುಗೊಳಿಸುವ ಹೊಣೆಯನ್ನು ಯಾರೂ ಹೊರುವುದಿಲ್ಲ. ವಿಂಡೋಸ್ 95ರ ಡಿವೈಸ್ ಮ್ಯಾನೇಜರ್ ಘರ್ಷಿಸುವ ಸಾಧನದ ಹೆಸರನ್ನೇ ತೋರಿಸುತ್ತಿತ್ತು ಎಂಬುದನ್ನು ಮೆಚ್ಚಲೇಬೇಕು. ಆದರೆ ಜಾಹೀರಾತು ಹೇಳಿದ್ದು "ಸಿಕ್ಕಿಸಿ, ಬಳಸಿ" ಎಂದು. ಬಳಕೆದಾರರು ಅದನ್ನು "ಪ್ಲಗ್ ಅಂಡ್ ಪ್ರೇ", ಸಿಕ್ಕಿಸಿ ಪ್ರಾರ್ಥಿಸಿ, ಎಂದು ಲೇವಡಿ ಮಾಡಿದರು. ಮಿತಿಯನ್ನು ಮರೆಮಾಚಿದ ವಾಗ್ದಾನಕ್ಕೆ ಆ ಲೇವಡಿ ಸಲ್ಲುತ್ತದೆ, ತಂತ್ರಕ್ಕಲ್ಲ.

ಬೇರೆ ದಾರಿ ಇತ್ತೇ?

ಇತ್ತು, ಪಿ.ಸಿ. ಹುಟ್ಟುವ ಮೊದಲೇ ಇತ್ತು. 1977ರ ಆಪಲ್ 2 ಗಣಕದಲ್ಲಿ ಪ್ರತಿ ಸ್ಲಾಟಿಗೂ ಪ್ರತ್ಯೇಕ ಆಯ್ಕೆ ತಂತಿ ಮತ್ತು 16 ವಿಳಾಸಗಳ ಮೀಸಲು ಇತ್ತು. ಕಾರ್ಡಿನ ವಿಳಾಸವನ್ನು ಅದು ಕೂತ ಸ್ಲಾಟೇ ನಿರ್ಧರಿಸುತ್ತಿತ್ತು, ವಿಳಾಸದ ಜಂಪರ್ ಬೇಕಿರಲಿಲ್ಲ. ಐಬಿಎಂ ಪಿ.ಸಿ.ಯಲ್ಲಿ ಎಲ್ಲ ಸ್ಲಾಟುಗಳಿಗೂ ಅವೇ ತಂತಿಗಳು. ತಾನು ಎಲ್ಲಿದ್ದೇನೆಂದು ಕಾರ್ಡಿಗೂ ತಿಳಿಯದು, ಗಣಕಕ್ಕೂ ತಿಳಿಯದು. ನನ್ನ ಅಭಿಪ್ರಾಯದಲ್ಲಿ ಘರ್ಷಣೆಯ ಬೇರು ಇರುವುದು ಇಲ್ಲಿ.

ಹಾಗೆಂದು ಆ ವಿನ್ಯಾಸಕರನ್ನು ಸುಲಭವಾಗಿ ದೂರುವಂತಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಚಿಪ್ಪುಗಳಿಂದ ಸುಮಾರು ಒಂದು ವರ್ಷದಲ್ಲಿ ರೂಪಿಸಿದ ಯಂತ್ರವದು. ಮಂಡಲದ ನಕ್ಷೆಗಳನ್ನೂ ಬಯೋಸ್ ಪಾಠವನ್ನೂ ಐಬಿಎಂ ಪ್ರಕಟಿಸಿತ್ತು. ಸರಳ, ಅಗ್ಗದ, ಎಲ್ಲರಿಗೂ ತೆರೆದ ಬಸ್ಸಾದ್ದರಿಂದಲೇ ಕಾರ್ಡುಗಳ ದೊಡ್ಡ ಉದ್ಯಮ ಬೆಳೆಯಿತು. 1987ರಲ್ಲಿ ಅದೇ ಸಂಸ್ಥೆ ಮೈಕ್ರೋಚಾನೆಲ್ ಬಸ್ಸನ್ನು ತಂದಿತು. ಅದರಲ್ಲಿ ಜಂಪರಿಲ್ಲ, ಇಂಟರಪ್ಟ್ ಹಂಚಿಕೊಳ್ಳಬಹುದು. ತಾಂತ್ರಿಕವಾಗಿ ಉತ್ತರ ಸಿಕ್ಕಿತ್ತು. ಆದರೆ ಪರವಾನಗಿ ಶುಲ್ಕವಿತ್ತು, ಹಳೆಯ ಕಾರ್ಡುಗಳು ಹೊಂದುತ್ತಿರಲಿಲ್ಲ, ಅದು ಹರಡಲಿಲ್ಲ. ಕೊನೆಗೆ ಸಮಸ್ಯೆ ನೀಗಿದ್ದು 1992ರಲ್ಲಿ ಬಂದ ಪಿಸಿಐ ಬಸ್ಸಿನಿಂದ. ಅಲ್ಲಿ ಪ್ರತಿ ಸ್ಲಾಟಿಗೂ ಆಯ್ಕೆ ತಂತಿಯಿದೆ, ಇಂಟರಪ್ಟ್ ಅಂಚಿನಿಂದಲ್ಲ, ಮಟ್ಟದಿಂದ. ಕಾರ್ಡುಗಳು ತಂತಿಯನ್ನು ಕೆಳಗೆಳೆಯುತ್ತವೆ, ಎತ್ತುವ ಕೆಲಸ ಒಂದು ರೋಧಕದ್ದು. ಹಾಗಾಗಿ ಜಗ್ಗಾಟವೂ ಇಲ್ಲ, ಕರೆ ಕಳೆದುಹೋಗುವುದೂ ಇಲ್ಲ. ಇಂದಿನ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಇಂಟರಪ್ಟಿಗೆ ಪ್ರತ್ಯೇಕ ತಂತಿಯೇ ಇಲ್ಲ. ಕರೆಯೂ ಒಂದು ಸಂದೇಶವಾಗಿ ಸಾಗುತ್ತದೆ.

ನಮ್ಮ ಪಾಠಗಳ ಮಾತು

ಇಷ್ಟೆಲ್ಲ ಹಳೆಯ ಸಂಗತಿ ಇಂದಿನ ವಿದ್ಯಾರ್ಥಿಗೆ ಏಕೆ ಎಂದು ನೀವು ಕೇಳಬಹುದು. ಐಎಸ್‌ಎ ಕಾರ್ಡಿಗೆ ಅಂಟಿಕೊಂಡ ಅಳತೆಯ ಉಪಕರಣಗಳು ಪ್ರಯೋಗಶಾಲೆಗಳಲ್ಲಿ ಇಂದಿಗೂ ಉಳಿದಿವೆ ಎಂಬುದು ಒಂದು ಕಾರಣ. ಹಳೆಯ ಆಟಗಳಿಗಾಗಿ ಡಾಸ್‌ಬಾಕ್ಸ್ ಬಳಸುವವರಿಗೆ 220, 7, 1, 5 ಎಂಬ ಅಂಕಿಗಳು ಇಂದಿಗೂ ಎದುರಾಗುತ್ತವೆ ಎಂಬುದು ಇನ್ನೊಂದು. ಇದಕ್ಕಿಂತ ದೊಡ್ಡ ಕಾರಣ ನಮ್ಮ ಶಾಲಾ–ಕಾಲೇಜುಗಳ ಯೋಜನಾ ಕೋಣೆಯಲ್ಲೇ ಇದೆ. ಆರ್ಡುಯಿನೊಗೆ ಡಿಎಸ್1307 ಗಡಿಯಾರವನ್ನೂ ಎಂಪಿಯು-6050 ಚಲನ ಸಂವೇದಕವನ್ನೂ ಐ2ಸಿ ತಂತಿಗಳಲ್ಲಿ ಒಟ್ಟಿಗೆ ಜೋಡಿಸಿ ನೋಡಿ. ಎರಡರ ವಿಳಾಸವೂ ಷೋಡಶಮಾನದ 68. ಬರುವ ಅಂಕಿಗಳು ಅರ್ಥಹೀನ. "ಸಂವೇದಕ ಕೆಟ್ಟಿದೆ" ಎಂಬ ಅದೇ ಹಳೆಯ ತೀರ್ಪು ಮತ್ತೆ ಕೇಳಿಬರುತ್ತದೆ. ಸಂವೇದಕದ ಎಡಿ0 ಪಿನ್ನನ್ನು ಮೇಲ್ಮಟ್ಟಕ್ಕೆ ಜೋಡಿಸಿದರೆ ಅದರ ವಿಳಾಸ 69 ಆಗುತ್ತದೆ. ಜಂಪರ್ ಬೇರೇನಲ್ಲ, ಇದೇ. ಊನೊ ಫಲಕದಲ್ಲಿ ಟೋನ್ ಆಜ್ಞೆ ಕೊಟ್ಟೊಡನೆ 3 ಮತ್ತು 11ನೇ ಪಿನ್ನುಗಳ ಪಿಡಬ್ಲ್ಯುಎಂ ಕೆಡುವುದೂ ಘರ್ಷಣೆಯೇ. ಮೂರಕ್ಕೂ ಒಂದೇ ಕಾಲಮಾಪಕ ಬೇಕು.

ನಮ್ಮ ಪದವಿ ತರಗತಿಗಳಲ್ಲಿ 8259 ಮತ್ತು 8237ರ ಖಂಡಚಿತ್ರಗಳನ್ನು ವಿದ್ಯಾರ್ಥಿಗಳು ಅಂದವಾಗಿ ಬಿಡಿಸುತ್ತಾರೆ. ಐಆರ್‌ಕ್ಯೂ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಅದೇ ಪಟ್ಟಿಯಿಂದ ಒಂದು ಮೂಕ ಕಾರ್ಡಿಗೆ ದನಿ ಬರಿಸುವುದು ಹೇಗೆಂದು ಕೇಳಿದರೆ ಸುಮ್ಮನಾಗುತ್ತಾರೆ. ತಪ್ಪು ಅವರದಲ್ಲ, ಹಾಗೆ ಕೇಳುವ ಪ್ರಶ್ನೆಯನ್ನು ನಾವು ಇಟ್ಟೇ ಇಲ್ಲ. ಗುಜರಿಗೆ ಹೋಗಲಿರುವ ಒಂದು ಗಣಕವನ್ನೂ ಒಂದು ಐಎಸ್‌ಎ ಸೌಂಡ್ ಕಾರ್ಡನ್ನೂ ಉಳಿಸಿಕೊಳ್ಳಿ. ಶಿಕ್ಷಕರು ಮೊದಲೇ ಒಂದು ಘರ್ಷಣೆಯನ್ನು ಅದರಲ್ಲಿ ಹೂಡಿಡಲಿ. ವಿದ್ಯಾರ್ಥಿಗಳು ಲಕ್ಷಣವನ್ನು ಬರೆದು, ಕಾರಣವನ್ನು ಊಹಿಸಿ, ಒಂದೇ ಒಂದು ಆಯ್ಕೆಯನ್ನು ಬದಲಿಸಿ ಆ ಊಹೆಯನ್ನು ಪರೀಕ್ಷಿಸಲಿ. ಎಷ್ಟು ಪ್ರಯತ್ನಗಳಲ್ಲಿ ಸರಿಹೋಯಿತು ಎಂಬುದನ್ನು ದಾಖಲಿಸಲಿ. 14ರೊಳಗೆ ಮುಗಿದರೆ ಅಂಕ ಕೊಡಿ. ಕಾರಣವನ್ನು ವಾಕ್ಯದಲ್ಲಿ ವಿವರಿಸಿದವರಿಗೆ ಇನ್ನೂ ಹೆಚ್ಚು ಕೊಡಿ.